ತವರಿನ ಓಟು

ಮನೆಮನೆಗೆ ಹೋಗಿ ಮತದಾರರ ಪಟ್ಟಿ ನೋಡುವ ಕೆಲಸವನ್ನು ಸರ್ಕಾರ ನಮ್ಮೂರಲ್ಲಿ ಅಂಗನವಾಡಿಯ ಟೀಚರಮ್ಮನ ತಲೆಗೆ ಕಟ್ಟಿದೆ. ಅವತ್ತು ಬೆಳಗ್ಗೆ ಅವರು ನಮ್ಮ ಜಗಲಿಯ ಮೇಲೆ ಕೂತು, ಈ ಮನೆಯಲ್ಲಿ ಹೊಸದಾಗಿ ಹದಿನೆಂಟು ತುಂಬಿದವರು ಯಾರಾದರೂ ಇದ್ದಾರೆಯೇ ಎಂದು ಅಪ್ಪನನ್ನು ಕೇಳಿದರು. ನಾನು ಹೊಸಿಲಿನ ಒಳಗೆ ಕೂತು ಅವರೆಕಾಯಿ ಸುಲಿಯುತ್ತಿದ್ದೆ. ಅಪ್ಪ ಕೈ ಚಾಚಿದ್ದರೆ ನನ್ನ ಜಡೆ ಸಿಗುತ್ತಿತ್ತು, ಅಷ್ಟು ಹತ್ತಿರ.

"ಯಾರೂ ಇಲ್ಲ ಕಣವ್ವ," ಅಂದ ಅಪ್ಪ.

ನನಗೆ ಮೈಯೆಲ್ಲ ಉರಿದುಹೋಯಿತು. ಹದಿನೆಂಟು ತುಂಬಿ ಆಗಲೇ ಕೆಲವು ತಿಂಗಳಾಗಿತ್ತು. ಮಳವಳ್ಳಿಯ ಕಾಲೇಜಿನಲ್ಲಿ ಡಿಗ್ರಿ ಎರಡನೇ ವರ್ಷ ಓದುತ್ತಿದ್ದೆ. ಅಲ್ಲಿ ಹೊಸ ಮತದಾರರೆಲ್ಲ ಹೆಸರು ಸೇರಿಸಿಕೊಳ್ಳಿ ಎಂದು ಒಂದು ಭಾಷಣ ಮಾಡಿಸಿ, ಎಲ್ಲರನ್ನೂ ಬಿಸಿಲಿಗೆ ನಿಲ್ಲಿಸಿ, ಕೈ ಮುಂದೆ ಚಾಚಿಸಿ ಪ್ರತಿಜ್ಞೆಯನ್ನೂ ಹೇಳಿಸಿದ್ದರು. ನಾನು ಅದನ್ನು ಗಂಟಲು ಹರಿಯುವ ಹಾಗೆ ಹೇಳಿದ್ದೆ. ಈಗ ನನ್ನ ಅಪ್ಪನೇ ನನ್ನ ಮಗ್ಗುಲಲ್ಲೇ ಕೂತು ಯಾರೂ ಇಲ್ಲ ಅನ್ನುತ್ತಿದ್ದಾನೆ. ಅವರೆಕಾಯಿಯ ಮೊರವನ್ನು ಎತ್ತಿ ಪಕ್ಕಕ್ಕಿಟ್ಟು ಹೊರಗೆ ಬಂದು ನಿಂತೆ. ನಾನು ಕಣ್ಣಿಗೆ ಕಾಣುವುದಿಲ್ಲವೇ ಎಂದು ಕೇಳಿದೆ.

ಅಪ್ಪನಿಗೆ ಕೋಪ ಬರಲಿಲ್ಲ, ನಗು ಬಂತು. "ನೀನು ಓಗೋಳು ಕಣವ್ವ. ಓಗೋಳ್ಗೆ ಇಲ್ಲಿ ಯಾಕೆ ಓಟು? ಗಂಡನ ಊರಲ್ಲಿ ಸೇರುಸ್ಕೋತಾರೆ ಬುಡು."

ಇದು ಅಪ್ಪ ಒಬ್ಬನ ಮಾತಲ್ಲ. ನಮ್ಮೂರು ಪೂರಿಗಾಲಿಯಲ್ಲಿ ನಮ್ಮ ಬೀದಿಯ ಪದ್ಧತಿಯೇ ಹೀಗಿತ್ತು. ಗಂಡುಮಕ್ಕಳಿಗೆ ಹದಿನೆಂಟು ತುಂಬುವುದನ್ನೇ ಕಾಯ್ದುಕೊಂಡು ಹೆಸರು ಸೇರಿಸುತ್ತಿದ್ದರು. ಹೆಣ್ಣುಮಕ್ಕಳ ಹೆಸರು ಮದುವೆಯಾದ ಮೇಲೆ ಅತ್ತೆಮನೆಯ ಕಡೆಯವರು ಸೇರಿಸಿಕೊಳ್ಳಬೇಕು. ನಮ್ಮೂರಿನ ಹುಡುಗಿಯರೆಲ್ಲ ಮದ್ದೂರಿನಲ್ಲೋ ಮಂಡ್ಯದಲ್ಲೋ ಎಲ್ಲೋ ಓಟು ಹಾಕುತ್ತಿದ್ದರು. ನಮ್ಮೂರಿನಲ್ಲಿ ಓಟು ಹಾಕುವ ಹೆಂಗಸರೆಲ್ಲ ಬೇರೆ ಊರುಗಳಿಂದ ಬಂದ ಸೊಸೆಯರು. ಹುಟ್ಟಿದ ಊರಿನಲ್ಲಿ ಬೆರಳಿಗೆ ಇಂಕು ಹಚ್ಚಿಸಿಕೊಂಡ ಹೆಣ್ಣು ನಮ್ಮ ಬೀದಿಯಲ್ಲಿ ಒಬ್ಬಳೂ ಇರಲಿಲ್ಲ. ಇದನ್ನು ಯಾರೂ ಅನ್ಯಾಯ ಅಂದುಕೊಂಡಿರಲಿಲ್ಲ, ನಾನೂ ಅಂದುಕೊಂಡಿರಲಿಲ್ಲ. ಆ ಜಗಲಿಯ ಮೇಲೆ ಲೆಕ್ಕಕ್ಕೇ ಇಲ್ಲದವಳಾಗಿ ನಿಂತಾಗಲೇ ಮೊದಲ ಸಲ ಚುರುಕ್ ಅಂದಿದ್ದು.

ಅಪ್ಪನಿಗೆ ಇನ್ನೊಂದು ಕಾರಣವೂ ಇತ್ತು. ಅವನ ತಂಗಿಯ, ಅಂದರೆ ನನ್ನ ಅತ್ತೆಯ ಹೆಸರನ್ನು ತಾತ ಮದುವೆಗೆ ಮುಂಚೆಯೇ ಪಟ್ಟಿಗೆ ಸೇರಿಸಿದ್ದನಂತೆ. ಓಟು ಬರುವಷ್ಟರಲ್ಲಿ ಅತ್ತೆ ಮದುವೆಯಾಗಿ ಹೋದಳು, ಹೆಸರು ಇಲ್ಲೇ ಉಳಿಯಿತು. ಓಟಿನ ದಿನ ಅತ್ತೆಯ ಹೆಸರಿನಲ್ಲಿ ಇನ್ನಾರೋ ಹೆಂಗಸು ಬಂದು ಓಟು ಹಾಕಿ ಹೋದಳು. ಯಾರು ಕಳಿಸಿದ್ದು ಅಂತ ಎರಡು ಪಾರ್ಟಿಯವರಿಗೂ ಜಟಾಪಟಿಯಾಗಿ, ಕೊನೆಗೆ ಎಲ್ಲರೂ ಸೇರಿ ತಾತನ ಕೊರಳಪಟ್ಟಿ ಹಿಡಿದರಂತೆ. ಆವತ್ತಿನಿಂದ ನಮ್ಮ ಮನೆಯಲ್ಲಿ ಹೋಗುವ ಹೆಣ್ಣಿನ ಹೆಸರು ಬರೆಸಬಾರದು ಎಂದಾಯಿತು. ಬೀದಿಯವರೂ ಅದನ್ನೇ ಹಿಡಿದುಕೊಂಡರು. ಹಾಗಾಗಿ ಅಪ್ಪನದು ಬರೀ ಮೊಂಡುತನ ಅಂತ ಹೇಳಿದರೆ ಅದು ಸುಳ್ಳಾಗುತ್ತದೆ. ಕಬ್ಬಿಗೆ ನೀರು ಕಟ್ಟುವುದರಿಂದ ಹಿಡಿದು ನನ್ನನ್ನು ಕಾಲೇಜಿಗೆ ಕಳಿಸುವವರೆಗೆ ಬೇರೆ ಎಲ್ಲದರಲ್ಲೂ ಅವನು ಹೇಳಿದರೆ ಕೇಳುವ ಮನುಷ್ಯ. ಈ ಒಂದು ವಿಷಯದಲ್ಲಿ ಮಾತ್ರ ಅವನ ಕಿವಿಗೆ ಏನೂ ಹೋಗುತ್ತಿರಲಿಲ್ಲ.

ನನ್ನ ಹಠಕ್ಕೂ ಒಂದು ಕಾರಣವಿತ್ತು. ಮದ್ದೂರು ಕಡೆಯಿಂದ ಒಂದು ಸಂಬಂಧ ಬಂದಿತ್ತು. ಡಿಗ್ರಿ ಮುಗಿಯಲಿ, ಆಮೇಲೆ ಮಾತಾಡೋಣ ಎಂದು ಎರಡೂ ಕಡೆಯವರು ಒಪ್ಪಿಕೊಂಡಿದ್ದರು. ನನಗೂ ಹುಡುಗನ ಬಗ್ಗೆ ತಕರಾರಿರಲಿಲ್ಲ. ಆದರೆ ಲೆಕ್ಕ ಹಾಕಿ ನೋಡಿದರೆ ಡಿಗ್ರಿ ಮುಗಿಯುವುದರೊಳಗೆ ಬರುವ ಚುನಾವಣೆ ಒಂದೇ. ಈ ಊರಿನ ಮಗಳಾಗಿ ನಾನು ಹಾಕಬಹುದಾಗಿದ್ದದ್ದು ಆ ಒಂದೇ ಓಟು. ಅದು ತಪ್ಪಿದರೆ ಮುಂದೆ ನಾನು ಎಷ್ಟು ಓಟು ಹಾಕಿದರೂ ಅದು ಇನ್ನೊಂದು ಊರಿನ ಸೊಸೆಯ ಓಟು. ಅದೊಂದು ನನಗೆ ಬೇಕೇ ಬೇಕಿತ್ತು.

ಮಾರನೆಯ ದಿನ ಕಾಲೇಜಿಗೆ ಚಕ್ಕರ್ ಹೊಡೆದು ಅಂಗನವಾಡಿಗೆ ಹೋದೆ. ಟೀಚರಮ್ಮ ಮಕ್ಕಳಿಗೆ ಉಪ್ಪಿಟ್ಟು ಬಡಿಸುತ್ತಿದ್ದರು. ನನಗೂ ಅವರೇ ಬಡಿಸಿದವರು, ಅದೇ ಗೋಡೆಗೆ ಒರಗಿಕೊಂಡು ನಾನು ಮೂಗು ಸುರಿಸಿಕೊಂಡು ತಿಂದಿದ್ದೆ. ಏನೇನು ಬೇಕು ಎಂದು ಕೇಳಿದೆ. ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡು, ಆಧಾರ್, ರೇಷನ್ ಕಾರ್ಡು, ಒಂದು ಫೋಟೋ. ಅದರ ಜೊತೆಗೆ ಪಟ್ಟಿಯಲ್ಲಿ ಆಗಲೇ ಹೆಸರಿರುವ ಮನೆಯವರೊಬ್ಬರ ಓಟಿನ ಕಾರ್ಡಿನ ನಂಬರು. ನನ್ನ ಅಪ್ಪನನ್ನು ಚೆನ್ನಾಗಿ ಬಲ್ಲವರಾದ್ದರಿಂದ ಅವರು ಆ ಕೊನೆಯ ಮಾತನ್ನು ಸ್ವಲ್ಪ ಮೆತ್ತಗೆ ಹೇಳಿದರು.

ಅಪ್ಪನ ಕಾರ್ಡು ಅವನ ಅಂಗಿಯ ಜೇಬಿನಲ್ಲಿ, ಪ್ಲಾಸ್ಟಿಕ್ ಕವರಿನಲ್ಲಿ, ಬ್ಯಾಂಕಿನ ಚೀಟಿಗಳ ಜೊತೆ ಇರುತ್ತಿತ್ತು. ಕೇಳಿದ್ದರೆ ಕೊಡುತ್ತಿದ್ದನೋ ಏನೋ, ನಾನು ಕೇಳಲಿಲ್ಲ. ಕೇಳುವುದಕ್ಕೆ ನಾನಿರಲೇ ಇಲ್ಲವಲ್ಲ, ಅವನ ಲೆಕ್ಕದಲ್ಲಿ. ಸೀದಾ ಕೊಟ್ಟಿಗೆಗೆ ಹೋದೆ. ಅವ್ವ ಹಸುವಿಗೆ ಹುಲ್ಲು ಹಾಕುತ್ತಿದ್ದಳು. ಹೀಗೆ ಹೀಗೆ ಎಂದು ಹೇಳಿದೆ. ಅವ್ವ ಕೈ ಕೊಡವಿಕೊಂಡು ಒಳಗೆ ಹೋಗಿ, ಸೀರೆಗಳ ಅಡಿಯಿಂದ ತನ್ನ ಕಾರ್ಡು ತೆಗೆದುಕೊಂಡು ಬಂದು ನನ್ನ ಕೈಗಿಟ್ಟಳು. ಯಾಕೆ, ಏನು, ಅಪ್ಪ ಏನಂತಾನೆ, ಒಂದನ್ನೂ ಕೇಳಲಿಲ್ಲ. ನನಗೇ ತಡೆಯಲಾಗದೆ, ನಿನಗೆ ಏನೂ ಅನ್ನಿಸುವುದಿಲ್ಲವಾ ಎಂದು ಕೇಳಿದೆ.

ಅವ್ವನ ತವರು ದುದ್ದ. ನಾನು ಹೊಟ್ಟೆಯಲ್ಲಿದ್ದಾಗ ಬಾಣಂತನಕ್ಕೆಂದು ಅಲ್ಲಿಗೆ ಹೋಗಿದ್ದಳಂತೆ. ಅದೇ ಸಮಯಕ್ಕೆ ಓಟು ಬಂತು. ಮನೆಯವರೆಲ್ಲ ಹೊಸ ಬಟ್ಟೆ ಉಟ್ಟು ಹೊರಟರು. ಅವಳ ಅಣ್ಣಂದಿರು ಹೋದದ್ದು ಅವಳಿಗೆ ಏನೂ ಅನ್ನಿಸಲಿಲ್ಲ. ಅತ್ತಿಗೆಯರು ಹೋದದ್ದೇ ಚುಚ್ಚಿತಂತೆ.

"ವರಗಿಂದ ಬಂದ ಅತ್ತಿಗೇರು ಓಟಾಕಿ ಬಂದ್ರು. ಆ ಮನೇಲೇ ಉಟ್ಟಿದ್ ನಾನು ಸಾರು ಕಾಯ್ಕೊಂಡು ಕುಂತಿದ್ದೆ ಕಣ್ಮಗ," ಅಂದಳು ಅವ್ವ. ಅಷ್ಟು ಹೇಳಿ ಮತ್ತೆ ಹುಲ್ಲಿನ ಕಡೆಗೆ ತಿರುಗಿದಳು.

ಅಂಗನವಾಡಿಗೆ ವಾಪಸ್ಸು ಹೋಗಿ ಫಾರಂ ತುಂಬಿಸಿದೆ. ಹೆಸರು, ಹುಟ್ಟಿದ ದಿನ, ಮನೆ ನಂಬರು ಎಲ್ಲ ಸರಾಗ ಸಾಗಿತು. ಆಮೇಲೆ ಸಂಬಂಧಿಕರ ಹೆಸರು ಎಂಬ ಜಾಗ ಬಂತು. ತಂದೆ, ತಾಯಿ, ಗಂಡ ಎಂದೆಲ್ಲ ಇತ್ತು, ಅದರಲ್ಲಿ ಒಂದನ್ನು ಆರಿಸಿಕೊಳ್ಳಬೇಕು. ಮದುವೆಯಾಗದ ಹುಡುಗಿಯರೆಲ್ಲ ತಂದೆ ಅಂತಲೇ ಬರೆಯುತ್ತಾರೆ ಎಂದರು ಟೀಚರಮ್ಮ. ಬೇರೆ ಬರೆದರೆ ನಡೆಯುವುದಿಲ್ಲವೇ ಎಂದು ಕೇಳಿದೆ. ನಡೆಯುತ್ತದೆ, ಆದರೆ ಈ ಊರಲ್ಲಿ ಅಪ್ಪ ಇರುವವರು ಯಾರೂ ಬರೆದಿಲ್ಲ ಎಂದರು. ನಾನು ತಾಯಿ ಎಂದು ಗುರುತು ಹಾಕಿ ಅವ್ವನ ಹೆಸರು ಬರೆದೆ. ಅರ್ಧ ಸಿಟ್ಟು, ಅರ್ಧ ಪ್ರೀತಿ. ಯಾವುದು ಎಷ್ಟು ಅಂತ ಆಗಲೂ ಗೊತ್ತಿರಲಿಲ್ಲ, ಈಗಲೂ ಗೊತ್ತಿಲ್ಲ. ಬರೆದ ಮೇಲೆ ಅಕ್ಷರ ಮಾತ್ರ ತುಂಬ ಚೆಂದ ಬಂದಿತ್ತು. ಟೀಚರಮ್ಮ ಕನ್ನಡಕ ಏರಿಸಿ ಒಂದು ಸಲ ನನ್ನನ್ನು ನೋಡಿ, ಮೊಬೈಲಿನಲ್ಲಿ ಎಲ್ಲದರ ಫೋಟೋ ಹೊಡೆದು ಕಳಿಸಿದರು.

ಮನೆಗೆ ಬಂದು ಅವ್ವನಿಗೆ ಹೇಳಿದೆ. ಪಟ್ಟಿಯಲ್ಲಿ ನಿನ್ನ ಹೆಸರು ಎರಡು ಕಡೆ ಬರುತ್ತದೆ, ಒಂದು ನಿನ್ನದಾಗಿ, ಇನ್ನೊಂದು ನನ್ನ ಹೆಸರಿನ ಕೆಳಗೆ ಎಂದೆ. ಅದನ್ನು ಯಾರು ನೋಡುತ್ತಾರೆ ಎಂದು ಕೇಳಿದಳು. ಸ್ಕೂಲಿನ ಗೋಡೆಗೆ ಅಂಟಿಸುತ್ತಾರೆ, ಊರೇ ನೋಡುತ್ತದೆ ಎಂದೆ. ಅವ್ವ ಸೆರಗನ್ನು ಬಾಯಿಗೆ ಅಡ್ಡ ಹಿಡಿದುಕೊಂಡಳು. ನಗುತ್ತಿದ್ದಾಳೋ ಹೆದರುತ್ತಿದ್ದಾಳೋ ತಿಳಿಯಲಿಲ್ಲ.

ಊರು ನೋಡಿಯೇ ನೋಡಿತು. ನಮ್ಮೂರಿನ ಗಂಡಸರು ಪೇಪರನ್ನಾದರೂ ಬಿಟ್ಟಾರು, ಗೋಡೆಗೆ ಅಂಟಿಸಿದ್ದನ್ನು ಓದದೆ ಬಿಡುವುದಿಲ್ಲ. ನಮ್ಮ ಮನೆ ನಂಬರು, ನನ್ನ ಹೆಸರು, ಅದರ ಮುಂದೆ ತಾಯಿ ಎಂದು ಇರುವುದನ್ನು ಯಾರೋ ಓದಿ, ಟೀ ಅಂಗಡಿಗೆ ಸುದ್ದಿ ಮುಟ್ಟಿಸಿದರು. ಅಪ್ಪ ಅಲ್ಲಿಗೆ ಹೋಗಿ ಕೂರುವಷ್ಟರಲ್ಲಿ ಎಲ್ಲರೂ ತಯಾರಾಗಿದ್ದರಂತೆ. ಏನ್ಲಾ, ನಿನ್ ಮಗಳಿಗೆ ಅಪ್ಪ ಇಲ್ವೇನ್ಲಾ, ಇದ್ದಕ್ಕಿದ್ದಂಗೆ ಎಲ್ಲಿಗೋದೆ ಎಂದು ಒಬ್ಬ ಶುರು ಮಾಡಿದರೆ, ಇನ್ನೊಬ್ಬ ತಿಥಿ ಊಟ ಯಾವಾಗ ಎಂದು ಕೇಳಿದನಂತೆ. ನಮ್ಮ ಕಡೆಯವರ ಬಾಯಿ ಹಾಗೆ. ಪ್ರೀತಿ ಇದ್ದಷ್ಟೂ ಮಾತು ಒರಟು. ಬೇರೆ ದಿನವಾಗಿದ್ದರೆ ಅಪ್ಪನೂ ನಾಲ್ಕು ತಿರುಗಿಸಿ ಕೊಡುತ್ತಿದ್ದ. ಅವತ್ತು ಟೀ ಅರ್ಧಕ್ಕೇ ಬಿಟ್ಟು ಎದ್ದು ಬಂದ.

ಮನೆಗೆ ಬಂದವನು ಜಗಲಿಯ ಮೇಲೆ ಕೂತ. ಆಮೇಲೆ ನನ್ನನ್ನು ಕರೆದು, "ನಾನ್ ಬದುಕಿದ್ದೀನೋ ಸತ್ತಿದ್ದೀನೋ?" ಎಂದು ಕೇಳಿದ.

ದನಿಯಲ್ಲಿ ಕೋಪವಿದ್ದಿದ್ದರೆ ನನ್ನ ಹತ್ತಿರ ಉತ್ತರ ಸಿದ್ಧವಿತ್ತು. ನೀನೇ ಯಾರೂ ಇಲ್ಲ ಅಂದೆಯಲ್ಲ ಎಂದು ಮುಖಕ್ಕೆ ಹೊಡೆದ ಹಾಗೆ ಹೇಳಬೇಕೆಂದು ಎಷ್ಟು ದಿನದಿಂದ ಕಾದಿದ್ದೆ. ಆದರೆ ಅವನಿಗೆ ನಿಜವಾಗಿ ನೋವಾಗಿತ್ತು. ನಮ್ಮೂರಿನ ಪಟ್ಟಿಯಲ್ಲಿ ತಾಯಿಯ ಹೆಸರಿದ್ದರೆ ತಂದೆ ತೀರಿಹೋಗಿದ್ದಾನೆ ಎಂದೇ ಅರ್ಥ. ಆ ಗೋಡೆಯ ಮೇಲೆ ಮಗಳು ತನ್ನನ್ನು ಸಾಯಿಸಿದ್ದಾಳೆ ಎಂದು ಅವನು ತಿಳಿದುಕೊಂಡಿದ್ದ. ಹೇಳಬೇಕೆಂದಿದ್ದನ್ನು ನಾನು ಹೇಳಿದೆ, ಆದರೆ ಮೆತ್ತಗೆ ಹೇಳಿದೆ. ಅಪ್ಪ, ನೀನು ನನ್ನನ್ನು ಲೆಕ್ಕಕ್ಕೆ ಹಿಡಿಯಲಿಲ್ಲ, ಅವ್ವ ಹಿಡಿದಳು ಎಂದೆ.

ಪಟ್ಟಿ ಗೋಡೆಯ ಮೇಲಿರುವಷ್ಟು ದಿನ ತಿದ್ದುಪಡಿಗೆ ಅವಕಾಶವಿತ್ತು. ಮಾರನೆಯ ದಿನ ಅಪ್ಪ ತಾನೇ ಅಂಗನವಾಡಿಗೆ ಹೋದ. ತಾಯಿಯ ಹೆಸರು ತೆಗೆದು ತಂದೆಯ ಹೆಸರು ಹಾಕಿ, ನಾನು ಸಹಿ ಮಾಡುತ್ತೇನೆ ಎಂದನಂತೆ. ನೀವು ಮಾಡಿದರೆ ಆಗುವುದಿಲ್ಲ, ಅವಳೇ ಮಾಡಬೇಕು, ಅವಳೀಗ ದೊಡ್ಡವಳು ಎಂದು ಟೀಚರಮ್ಮ ಹೇಳಿ ಕಳಿಸಿದರು. ಅಪ್ಪ ನನ್ನ ಸ್ಕೂಲಿನ ಮಾರ್ಕ್ಸ್ ಕಾರ್ಡಿನಿಂದ ಹಿಡಿದು ಬ್ಯಾಂಕಿನ ಪಾಸ್‌ಬುಕ್ಕಿನವರೆಗೆ ಎಲ್ಲದಕ್ಕೂ ಸಹಿ ಮಾಡಿಕೊಂಡು ಬಂದವನು. ಅವನ ಸಹಿ ನಡೆಯದ, ನನ್ನದೇ ಬೇಕಾದ ಕಾಗದ ಇದೇ ಮೊದಲು. ಖಾಲಿ ಫಾರಂ ಹಿಡಿದುಕೊಂಡು ಮನೆಗೆ ಬಂದು, ಅದನ್ನು ನನ್ನ ಮುಂದೆ ಇಟ್ಟ. ಹುಕುಂ ಮಾಡಲಿಲ್ಲ. ಮಾಡವ್ವ ಎಂದ.

ನನಗೆ ಒಳಗೊಳಗೇ ಹೆಮ್ಮೆಯಾಯಿತು, ಸುಳ್ಳು ಹೇಳುವುದಿಲ್ಲ. ಜೊತೆಗೆ ಸಂಕಟವೂ ಆಯಿತು. ಸಹಿ ಮಾಡಿದರೆ ಅಪ್ಪನ ಮಾನ ಉಳಿಯುತ್ತದೆ. ಹೆಸರು ಹೇಗೂ ಪಟ್ಟಿಯಲ್ಲಿರುತ್ತದೆ, ಓಟು ಹೇಗೂ ಸಿಗುತ್ತದೆ. ಮಾಡದಿದ್ದರೆ ಅವನು ಟೀ ಅಂಗಡಿಗೆ ಹೋಗುವುದನ್ನೇ ಬಿಡಬಹುದು. ಪೆನ್ನು ಕೈಗೆ ತೆಗೆದುಕೊಂಡು, ಬರೆದಿರುವುದು ಅವ್ವನ ಹೆಸರು, ತೆಗೆಯುವುದಾದರೆ ಅವಳನ್ನು ಕೇಳಿಯೇ ತೆಗೆಯುತ್ತೇನೆ ಎಂದೆ.

ಅವ್ವ ಡೇರಿಗೆ ಹಾಲು ಹಾಕಿ ಬಂದು, ಕ್ಯಾನು ತೊಳೆಯುತ್ತಿದ್ದಳು. ಅಪ್ಪ ಅಲ್ಲಿಗೇ ಹೋಗಿ ಕೇಳಿದ. ಅವ್ವ ಕ್ಯಾನನ್ನು ಬೋರಲು ಹಾಕಿ, ನೀರು ಸೋರುವುದನ್ನು ನೋಡುತ್ತಾ ನಿಂತಳು. ಇನ್ನೇನು, ಆಗಲಿ ಅಂತಾಳೆ ಎಂದುಕೊಂಡೆ.

"ಇರ್ಲಿ ಬುಡಿ," ಅಂದಳು. "ಎಂಗೂ ಮದ್ವೆ ಆದ್ಮೇಲೆ ಗಂಡನ ಎಸ್ರಿಗೆ ಓಯ್ತದೆ. ಅಲ್ಲೀಗಂಟ ನನ್ ಎಸ್ರಲ್ಲಿರ್ಲಿ."

ಅವ್ವ ಜಗಳಕ್ಕೆ ನಿಂತವಳ ಹಾಗೆ ಹೇಳಲಿಲ್ಲ, ಸಾರಿಗೆ ಉಪ್ಪು ಸರಿಯಾಗಿದೆ ಅನ್ನುವ ಹಾಗೆ ಹೇಳಿದಳು. ಅಪ್ಪ ಫಾರಮ್ಮನ್ನು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟುಕೊಂಡು ಗದ್ದೆಯ ಕಡೆಗೆ ಹೋದ. ನಾನು ಅವ್ವನನ್ನು ತಬ್ಬಿಕೊಳ್ಳಲು ಹೋದೆ. ಕೈಯೆಲ್ಲ ಹಾಲಿನ ಜಿಡ್ಡು, ಅತ್ಲಾಗಿ ಓಗು ಎಂದು ಗದರಿಸಿದಳು.

ಅಪ್ಪ ಕೆಲವು ದಿನ ಮುಖ ಊದಿಸಿಕೊಂಡಿದ್ದ. ಊಟಕ್ಕೆ ಕರೆದರೆ ಬರುತ್ತಿದ್ದ, ಇಕ್ಕಿದ್ದನ್ನು ಉಣ್ಣುತ್ತಿದ್ದ, ಎದ್ದು ಹೋಗುತ್ತಿದ್ದ. ಹಾಗಿರುವಾಗಲೇ ನನ್ನ ಓಟಿನ ಕಾರ್ಡು ಅಂಚೆಯಲ್ಲಿ ಬಂತು. ಫೋಟೋದಲ್ಲಿ ನಾನು ಪೊಲೀಸರು ಹಿಡಿದುಕೊಂಡು ಬಂದವಳ ಹಾಗಿದ್ದೆ. ಅದು ಹೋಗಲಿ, ಕೆಳಗೆ ಅವ್ವನ ಹೆಸರು ಅಚ್ಚಾಗಿತ್ತು. ಅವ್ವ ಕೈ ಒರೆಸಿಕೊಂಡು ಕಾರ್ಡನ್ನು ಹಿಡಿದು, ತನ್ನ ಹೆಸರನ್ನು ಒಂದೊಂದೇ ಅಕ್ಷರವಾಗಿ ಓದಿದಳು. ಆಮೇಲೆ ತನ್ನ ಕಾರ್ಡನ್ನು ತಂದು ಪಕ್ಕಕ್ಕಿಟ್ಟು ನೋಡಿದಳು. ಅವಳದರಲ್ಲಿ ಗಂಡನ ಹೆಸರಿತ್ತು. ಎರಡನ್ನೂ ಜೊತೆಯಾಗಿ ಒಂದೇ ಕವರಿಗೆ ಹಾಕಿ ಸೀರೆಗಳ ಅಡಿಗೆ ಇಟ್ಟಳು.

ಓಟು ಹತ್ತಿರ ಬಂದಂತೆ ನಾನು ಪರೀಕ್ಷೆಗೆ ಓದಿದ ಹಾಗೆ ತಯಾರಿ ನಡೆಸಿದೆ. ನಗಬೇಡಿ, ಪರೀಕ್ಷೆಗೂ ನಾನು ಅಷ್ಟು ಓದಿದವಳಲ್ಲ. ಯಾರು ಯಾರು ನಿಂತಿದ್ದಾರೆ, ಯಾರು ಏನು ಮಾಡುತ್ತೇನೆ ಅಂದಿದ್ದಾರೆ, ಹಿಂದೆ ಏನು ಮಾಡಿದ್ದಾರೆ ಎಂದು ಬಸ್ಸಿನಲ್ಲಿ ಹೋಗುತ್ತಾ ಬರುತ್ತಾ ಗೆಳತಿಯರ ಜೊತೆ ಜಗಳವಾಡಿದೆ. ಪಂಚಾಯ್ತಿ ಕಛೇರಿಯ ಮುಂದೆ ಓಟಿನ ಮಿಷನ್ ತಂದು ತೋರಿಸಿದಾಗ ಅವ್ವನನ್ನೂ ಎಳೆದುಕೊಂಡು ಹೋದೆ. ಅಲ್ಲಿ ಹೇಳಿಕೊಡಬೇಕಾದವನು ಹೇಳಿಕೊಡುವ ಮುಂಚೆ ಅವ್ವನೇ ನನಗೆ ಹೇಳಿಕೊಟ್ಟಳು. ಗುರುತಿನ ಪಕ್ಕದ ಗುಂಡಿ ಒತ್ತಬೇಕು, ಪೀಂ ಅಂತ ಸದ್ದು ಬರುವವರೆಗೆ ಬೆರಳು ತೆಗೆಯಬಾರದು, ಪಕ್ಕದ ಕಿಟಕಿಯಲ್ಲಿ ಚೀಟಿ ಕಾಣುವುದನ್ನು ನೋಡಿಕೊಂಡೇ ಹೊರಡಬೇಕು. ಯಾರಿಗೆ ಹಾಕುತ್ತೀಯೆಂದು ಮಾತ್ರ ಅವಳು ನನ್ನನ್ನು ಕೇಳಲಿಲ್ಲ. ನಾನು ಕೇಳಿದಾಗ, ಅದನ್ನೆಲ್ಲ ಹೇಳಬಾರದು ಎಂದು ನನಗೇ ಬುದ್ಧಿ ಹೇಳಿದಳು. ನಮ್ಮ ಮನೆಯಲ್ಲಿ ಓಟಿನ ಹಿಂದಿನ ದಿನ ಅಪ್ಪ ಊಟಕ್ಕೆ ಕೂತು ಇಂಥದ್ದಕ್ಕೆ ಹಾಕಬೇಕು ಎಂದು ಹೇಳುವುದು, ಅವ್ವ ಹೂಂ ಅನ್ನುವುದು, ನಾನು ಹುಟ್ಟಿದಾಗಿನಿಂದ ನೋಡಿದ್ದು. ಆ ಹೂಂ ಅಂದವಳು ಒಳಗೆ ಹೋಗಿ ಏನು ಮಾಡುತ್ತಿದ್ದಳೋ, ಆ ದಿನ ಮೊದಲ ಸಲ ನನಗೆ ಅನುಮಾನ ಬಂತು.

ಪ್ರಚಾರದವರು ನಮ್ಮ ಬೀದಿಗೂ ಬಂದರು. ಕೈ ಮುಗಿದು, ಅಪ್ಪನ ಹೆಗಲ ಮೇಲೆ ಕೈ ಹಾಕಿ, ಮನೆಯಲ್ಲಿ ಎಷ್ಟು ಓಟಿದೆ ಎಂದು ಕೇಳಿದರು. ಅಪ್ಪ ಬಾಯಿ ಬಿಡುವ ಮುಂಚೆಯೇ ನಾನು ಹೊರಗೆ ಬಂದು, ಕಾಲೇಜು ಬಿಟ್ಟ ಮೇಲೆ ಮಳವಳ್ಳಿಯಿಂದ ನಮ್ಮೂರಿಗೆ ಬಸ್ಸೇ ಇಲ್ಲ, ಹುಡುಗಿಯರು ಕತ್ತಲಾಗುವವರೆಗೆ ನಿಲ್ಲಬೇಕು, ಅದಕ್ಕೆ ಏನು ಮಾಡುತ್ತೀರಿ ಎಂದು ಕೇಳಿದೆ. ಮಾಡ್ಸಣ ಕಣವ್ವ ಎಂದರು. ಯಾವಾಗ ಎಂದೆ. ಬಂದವರು ಅಪ್ಪನ ಮುಖ ನೋಡಿದರು. ಗಂಡಸರು ಮಾತಾಡುವಾಗ ನಿನಗೇನು ಕೆಲಸ ಎಂದು ಅಪ್ಪ ಬೈಯುತ್ತಾನೆ ಎಂದು ನಾನು ಸಿದ್ಧವಾಗಿ ನಿಂತೆ.

"ಮೂರು ಓಟವೆ ಕಣ್ಲಾ," ಅಂದ ಅಪ್ಪ, ಅವರಲ್ಲಿ ತನ್ನ ವಾರಗೆಯವನೊಬ್ಬನಿಗೆ. "ಇದು ಮೂರನೇದು. ಯಾರ್ ಮಾತೂ ಕೇಳಾಕಿಲ್ಲ, ನೀವೇ ಮಾತಾಡ್ಕಳಿ."

ಹೇಳುವಾಗ ಅವನ ಮೀಸೆಯ ಕೆಳಗೆ ನಗುವಿತ್ತು. ಅದೇ ಮಾತನ್ನು ಅವನು ಟೀ ಅಂಗಡಿಯಲ್ಲೂ ಹೇಳಿಕೊಂಡನಂತೆ, ಬಸ್ಸಿನ ವಿಷಯಕ್ಕೆ ನಾನು ಅವರ ನೀರಿಳಿಸಿದೆನೆಂದು ಸ್ವಲ್ಪ ಸೇರಿಸಿಯೇ ಹೇಳಿದನಂತೆ. ತಿಥಿ ಊಟ ಕೇಳಿದವನು ಈ ಸಲ ಬಾಯಿ ಮುಚ್ಚಿಕೊಂಡು ಟೀ ಕುಡಿದನೆಂದು ಕೇಳಿ ನನಗೆ ಬಲು ಖುಷಿಯಾಯಿತು. ಆ ಸಲ ಓಟಿನ ಹಿಂದಿನ ದಿನ ಅಪ್ಪ ಊಟಕ್ಕೆ ಕೂತು ಕಬ್ಬಿನ ವಿಷಯ ಮಾತಾಡಿದ, ಯಾರಿಗೆ ಹಾಕಬೇಕು ಅನ್ನುವ ಮಾತೇ ಎತ್ತಲಿಲ್ಲ.

ಓಟಿನ ದಿನ ಅವ್ವ ಬೇಗ ಹಾಲು ಕರೆದು, ಸ್ನಾನ ಮಾಡಿ, ಮದುವೆ ಮನೆಗೆ ಉಡುವ ಸೀರೆ ಉಟ್ಟಳು. ನನ್ನ ತಲೆಗೂ ಮಲ್ಲಿಗೆ ಮುಡಿಸಿದಳು. ಮೂವರೂ ಒಟ್ಟಿಗೇ ಹೊರಟೆವು. ಅಪ್ಪ ಎಂದಿನಂತೆ ಹತ್ತು ಹೆಜ್ಜೆ ಮುಂದೆ. ಸ್ಕೂಲಿನಲ್ಲಿ ಗಂಡಸರ ಸಾಲು ಒಂದು ಕಡೆ, ಹೆಂಗಸರದು ಇನ್ನೊಂದು ಕಡೆ. ನಾನು ಮುಂದೆ, ಅವ್ವ ನನ್ನ ಬೆನ್ನಿಗೆ. ಸಾಲಿನಲ್ಲಿದ್ದವರಲ್ಲಿ ಹೊಸಬಳು ಅಂದರೆ ನಾನೇ. ಮೆಲ್ಲಗೆ ಒಬ್ಬೊಬ್ಬರಾಗಿ ನನ್ನನ್ನು ನೋಡಿದರು. ನೋಡಲಿ ಅಂದುಕೊಂಡು ನೆಟ್ಟಗೆ ನಿಂತೆ.

ಒಳಗೆ ಮೊದಲನೆಯ ಮೇಜಿನಲ್ಲಿ ಕೂತ ಅಧಿಕಾರಿ ನನ್ನ ಕಾರ್ಡು ನೋಡಿ, ಪಟ್ಟಿಯಲ್ಲಿ ಹೆಸರು ಹುಡುಕಿ, ಪಾರ್ಟಿಗಳ ಏಜೆಂಟರಿಗೆ ಕೇಳಿಸುವಂತೆ ಗಟ್ಟಿಯಾಗಿ ಓದಿದರು. ಕ್ರಮಸಂಖ್ಯೆ, ನನ್ನ ಹೆಸರು, ತಾಯಿ, ಅವ್ವನ ಹೆಸರು. ಗೋಡೆಯ ಪಕ್ಕದ ಬೆಂಚಿನಲ್ಲಿ ಕೂತಿದ್ದ ಏಜೆಂಟರು ತಮ್ಮ ತಮ್ಮ ಪಟ್ಟಿಯ ಮೇಲೆ ಬಗ್ಗಿದರು. ಅವರಲ್ಲಿ ಒಬ್ಬ ಮೇಲಿನ ಬೀದಿಯ ಹುಡುಗ ತಲೆಯೆತ್ತಿ, ತಡೀರಿ ಸಾರ್ ಎಂದ. ಆ ಹೆಸರಿನ ಹೆಂಗಸು ನಮ್ಮೂರಲ್ಲಿ ಯಾರೂ ಇಲ್ಲ ಎಂದ. ಉಳಿದ ಏಜೆಂಟರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು, ಹೌದು, ಕೇಳಿಲ್ಲ ಎಂದರು.

ಅವನು ಸುಳ್ಳು ಹೇಳುತ್ತಿರಲಿಲ್ಲ. ಬೇರೆ ಬೀದಿಗಳ ಆ ಏಜೆಂಟರಿಗೆ ನನ್ನ ಮುಖದ ಗುರುತೂ ಇರಲಿಲ್ಲ. ನಮ್ಮೂರಿನಲ್ಲಿ ಸೊಸೆಯಾಗಿ ಬಂದವಳನ್ನು ಯಾರೂ ಹೆಸರು ಹಿಡಿದು ಕರೆಯುವುದಿಲ್ಲ. ತವರಿನ ಊರು ಹಿಡಿದು ಕರೆಯುತ್ತಾರೆ. ಅವ್ವ ಮದುವೆಯಾಗಿ ಬಂದ ದಿನದಿಂದ ಊರಿಗೆಲ್ಲ ದುದ್ದದೋಳು. ಡೇರಿಯಲ್ಲಿ ದುದ್ದದೋಳು, ಅಂಗಡಿಯಲ್ಲಿ ದುದ್ದದೋಳು, ಮದುವೆ ಮನೆಯಲ್ಲಿ ದುದ್ದದೋಳು. ಅಪ್ಪ ಅವಳನ್ನು ಕರೆಯುವುದು ಬರೀ ಇವಳೇ ಎಂದು. ಇಷ್ಟು ವರ್ಷ ಓಟಿನ ದಿನ ಅವಳ ಹೆಸರು ಓದಿದಾಗಲೂ ಏಜೆಂಟರ ಕಿವಿ ಅದರ ಹಿಂದೆ ಬರುವ ಅಪ್ಪನ ಹೆಸರಿಗಾಗಿ ಕಾದಿರುತ್ತಿತ್ತು. ಅತ್ತೆಯ ಹೆಸರಿನಲ್ಲಿ ನಡೆದ ಕಳ್ಳ ಓಟಿನ ಕಥೆ ಆ ಬೆಂಚಿನಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಗೊತ್ತಿಲ್ಲದ ಹೆಂಗಸಿನ ಮಗಳೆಂದು ಬಂದವಳನ್ನು ಸುಮ್ಮನೆ ಬಿಡಲು ಅವರು ತಯಾರಿರಲಿಲ್ಲ. ಅಧಿಕಾರಿ ನನ್ನ ಕಾರ್ಡಿನ ಫೋಟೋವನ್ನೂ ನನ್ನ ಮುಖವನ್ನೂ ಇನ್ನೊಮ್ಮೆ ನೋಡಿದರು. ಪ್ರಚಾರದವರ ಮುಂದೆ ಅಷ್ಟು ಮಾತಾಡಿದವಳಿಗೆ ಒಂದು ಶಬ್ದವೂ ಹೊರಡಲಿಲ್ಲ. ನನ್ನ ಒಂದೇ ಒಂದು ಓಟು ಈ ಮೇಜಿನ ಮುಂದೆ ನಿಂತುಬಿಡುತ್ತದೆ ಎಂದುಕೊಂಡೆ.

ನನ್ನ ಬೆನ್ನಿಗಿದ್ದ ಅವ್ವ ಸಾಲಿನಿಂದ ಈಚೆಗೆ ಬಂದಳು. ಸೆರಗನ್ನು ಸರಿಮಾಡಿಕೊಳ್ಳಲಿಲ್ಲ, ಬಾಯಿಗೂ ಅಡ್ಡ ಹಿಡಿಯಲಿಲ್ಲ. ಬೆಂಚಿನ ಮುಂದೆ ಹೋಗಿ ನಿಂತು, ತನ್ನ ಹೆಸರನ್ನು ಪೂರ್ತಿಯಾಗಿ, ಕೋಣೆಗೆಲ್ಲ ಕೇಳಿಸುವ ಹಾಗೆ ಹೇಳಿದಳು.

"ನಾನೇ ಕಣಪ್ಪ ಅದು. ಇವ್ಳು ನನ್ ಮಗಳು. ಬರ್ಕೋ."

ಹುಡುಗ ಬರೆದುಕೊಂಡ. ನಾನು ಅಳುತ್ತಾ ಇಂಕು ಹಚ್ಚಿಸಿಕೊಂಡು, ಅಳುತ್ತಾ ಗುಂಡಿ ಒತ್ತಿ, ಸದ್ದು ನಿಲ್ಲುವವರೆಗೂ ಬೆರಳು ತೆಗೆಯದೆ ನಿಂತೆ. ಹೊರಗೆ ಗಂಡಸರ ಸಾಲಿನಲ್ಲಿ ಯಾರೋ ಒಳಗೆ ಯಾಕೆ ಇಷ್ಟು ಹೊತ್ತು ಎಂದು ಗೊಣಗುತ್ತಿದ್ದರು. ಬಾಗಿಲ ಹತ್ತಿರ ಬಂದು ನಿಂತಿದ್ದ ಅಪ್ಪ ಅವರಿಗೆ ಉತ್ತರ ಕೊಡುತ್ತಿದ್ದ. ಹೇಳುವಾಗ ಅವನು ಅವ್ವನ ಹೆಸರನ್ನು ಹೇಳಿದ. ನನ್ನ ಜನ್ಮದಲ್ಲಿ ಅವನ ಬಾಯಲ್ಲಿ ಆ ಹೆಸರು ಕೇಳಿದ್ದು ಅದೇ ಮೊದಲು. ಅವಳ ಮಗಳು ಓಟು ಹಾಕುತ್ತಿದ್ದಾಳೆ, ಸ್ವಲ್ಪ ತಡ್ಕಳ್ರಲಾ ಅಂದ.